ಔಷಧಿಗೆ ಅಂತ ಕೇಳಿದ ಕವಳೆಕಾಯಿ

ಕೇಕಿನ ಮೇಲಿರುವ ಕೆಂಪು ಹಣ್ಣನ್ನು ನಾನು ತಿನ್ನುವುದಿಲ್ಲ. ಮೊನ್ನೆ ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬದಲ್ಲೂ ಅದನ್ನು ಚಮಚದ ತುದಿಯಿಂದ ಎತ್ತಿ ತಟ್ಟೆಯ ಅಂಚಿಗಿಟ್ಟೆ. ಆ ಮನೆಯಾಕೆ ನೋಡಿಬಿಟ್ಟರು. "ಯಾಕಣ್ಣ, ಚೆರ್ರಿ ಇಷ್ಟ ಇಲ್ವಾ?" ಎಂದರು. "ಶುಗರ್ ಇದೆಯಮ್ಮ" ಎಂದೆ. ಸುಳ್ಳು. ನನಗೆ ಶುಗರ್ ಇಲ್ಲ, ಇರುವುದು ಅನುಮಾನ. ಅದಕ್ಕೆ ಮಾತ್ರೆ ಇನ್ನೂ ಬಂದಿಲ್ಲವಾದ್ದರಿಂದ ಶುಗರ್ ಎಂದು ಹೇಳಿಕೊಂಡು ತಿರುಗುತ್ತೇನೆ.

ಈ ಕಾಯಿಲೆ ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಅಂಟಿದ್ದೋ ಹೇಳುವುದು ಕಷ್ಟ. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಪಂಪಿನ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಬೇರೆಯವರು ಮಾಡಿಟ್ಟದ್ದನ್ನು ಈತ ನಂಬಬಾರದು ಎಂದೇ ನನಗೆ ಸಂಬಳ ಕೊಡುತ್ತಿದ್ದರು. ತೂತಿಗೆ ಗೇಜು ತೂರಿಸುವುದು, ವರ್ನಿಯರ್ ಹಿಡಿದು ಅಳೆಯುವುದು, ಸರಿಯಿಲ್ಲದ್ದರ ಮೇಲೆ ಕೆಂಪು ಪೇಂಟಿನ ಒಂದು ಬೊಟ್ಟು ಇಡುವುದು. ಬೊಟ್ಟು ಬಿದ್ದದ್ದು ನೇರ ಗುಜರಿಗೆ. ದಿನಕ್ಕೆ ಎಂಟು ಗಂಟೆ ಅನುಮಾನಪಟ್ಟವನು ಸೈರನ್ ಆದ ಕೂಡಲೇ ನಂಬಲು ಶುರು ಮಾಡು ಎಂದರೆ ಹೇಗೆ ಸಾಧ್ಯ ಹೇಳಿ.

ಬಟವಾಡಿಯ ಬಾಡಿಗೆ ಮನೆಯಲ್ಲೂ ಅದೇ ಪಾಡು. ಹಾಲಿನ ಹನಿಯನ್ನು ಉಗುರಿನ ಮೇಲೆ ನಿಲ್ಲಿಸಿ ನೋಡುತ್ತಿದ್ದೆ. ಆಟೋದವನು ಯಾವ ರಸ್ತೆ ಹಿಡಿದರೂ ಅದು ಸುತ್ತು ದಾರಿ ಎನಿಸುತ್ತಿತ್ತು. ಜೇನುತುಪ್ಪ ಮಾರುವವನ ಮುಂದೆ ಕಾಗದದ ಮೇಲೆ ತೊಟ್ಟು ಬಿಟ್ಟು, ಅದು ಹೀರಿಕೊಂಡಿತೋ ಇಲ್ಲವೋ ಎಂದು ಬಗ್ಗಿ ಕಾಯುತ್ತಿದ್ದೆ. "ದೇವಸ್ಥಾನದ ತೀರ್ಥಕ್ಕೂ ಗೇಜ್ ಹಾಕ್ತೀರ ನೀವು" ಎನ್ನುತ್ತಿದ್ದಳು ನನ್ನ ಹೆಂಡತಿ ಸುಜಾತ. ಗೇಜು ಹಾಕಿರಲಿಲ್ಲ. ಆದರೆ ಹಾಕಿರುವುದು ಪಚ್ಚಕರ್ಪೂರವೋ ಆರತಿಯ ಕರ್ಪೂರವೋ ಎಂದು ಮೂಸಿ ನೋಡಿದ್ದುಂಟು.

ಇಂಥ ನನಗೆ ನಂಜತ್ತೆ ಎಂಬ ಒಬ್ಬ ಸೋದರತ್ತೆ ಇದ್ದಳು, ನಮ್ಮಪ್ಪನ ಅಕ್ಕ. ನಮ್ಮ ವಂಶದಲ್ಲಿ ಅನುಮಾನವನ್ನು ಹಂಚುವಾಗ ಅವಳ ಪಾಲನ್ನೂ ನನಗೇ ಕೊಟ್ಟಿರಬೇಕು, ಅವಳಲ್ಲಿ ಅದರ ತುಣುಕೂ ಇರಲಿಲ್ಲ. ಚೇಳೂರಿನಿಂದ ಎರಡು ಮೈಲಿ ಒಳಗೆ ಅವಳ ಊರು. ಮಗ ಸೊಸೆಯರ ಜೊತೆ ಇದ್ದಳು, ರಾಗಿ ಹೊಲ ಇತ್ತು, ಒಂದಿಷ್ಟು ತೆಂಗು ಇತ್ತು. ಹೊಲದ ಬದುವಿನುದ್ದಕ್ಕೂ ಕವಳೆ ಬೇಲಿ. ನಿಮ್ಮ ಕಡೆ ಇದನ್ನು ಕರಂಡೆ ಎನ್ನುತ್ತಿರಬಹುದು. ಆಳೆತ್ತರದ ಪೊದೆ, ಎಲೆ ಸಂದಿಯಿಂದ ಜೋಡಿ ಜೋಡಿಯಾಗಿ ಚಾಚಿದ ಮುಳ್ಳು, ಮಲ್ಲಿಗೆಯ ಹತ್ತಿರದ ಸಂಬಂಧಿಯಂತೆ ಕಾಣುವ ಬಿಳಿ ಹೂ. ಕಾಯಿ ಮೊದಲು ಹಸಿರು, ಆಮೇಲೆ ಒಂದು ಕೆನ್ನೆ ಕೆಂಪು, ಹಣ್ಣಾದರೆ ಕಪ್ಪು ನೇರಳೆ. ಕಿತ್ತ ಕಡೆ ಹಾಲಿನಂಥ ಸೊನೆ ಒಸರುತ್ತದೆ. ಬೇಸಿಗೆ ರಜೆಗೆ ಹೋದಾಗ ನಾವು ಹುಡುಗರು ಸೊನೆ ಒರೆಸುವಷ್ಟು ವ್ಯವಧಾನವಿಲ್ಲದೆ ತಿಂದು, ತುಟಿಗೆ ತುಟಿ ಅಂಟಿಸಿಕೊಂಡು, ಸಂಜೆ ಬೈಸಿಕೊಳ್ಳುವಾಗ ಮಾತಾಡಲಾಗದೆ ನಿಲ್ಲುತ್ತಿದ್ದೆವು.

ಅಲ್ಲಿಯೇ ನನ್ನ ಮೊದಲ ಅನುಮಾನವೂ ಹುಟ್ಟಿದ್ದು. ಕವಳೆ ಬೇರು ಮನೆಯಲ್ಲಿದ್ದರೆ ಹಾವು ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದರು ದೊಡ್ಡವರು. ಅದೇ ದೊಡ್ಡವರು, "ಕವಳೆ ಬುಡಕ್ಕೆ ಹೋಗ್ಬ್ಯಾಡ್ರಲಾ, ಹಾವಿರ್ತವೆ" ಎಂದೂ ಕೂಗುತ್ತಿದ್ದರು. ಬೇರಿಗೆ ಹೆದರುವ ಹಾವು ಬೇರು ಇರುವಲ್ಲೇ ಯಾಕೆ ಮಲಗುತ್ತದೆ ಎಂದು ಕೇಳಿ ನಾನು ತಲೆಗೆ ಒಂದು ಮೊಟಕು ತಿಂದೆ. ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮೊಟಕು ಸಿಗುತ್ತದೆ ಎಂದು ತಿಳಿದದ್ದೂ ಆಗಲೇ. ಹೀಗಾಗಿ ಮುಂದೆ ನಾನು ಪ್ರಶ್ನೆಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಬೆಳೆಸಿದೆ.

ಸುತ್ತಲಿನ ನಾಲ್ಕೈದು ಹಳ್ಳಿಗೆ ಆ ಬೇಲಿಯೇ ಔಷಧಿ ಅಂಗಡಿ. ಜ್ವರ ಬಿಟ್ಟ ಮೇಲೆ ಬಾಯಿ ಕಹಿಯಾಗಿ ಅನ್ನ ಸೇರದವರಿಗೆ ಉಪ್ಪಿನಲ್ಲಿ ಹಾಕಿಟ್ಟ ಕವಳೆಕಾಯಿ. ಪಿತ್ತ ಕೆದರಿ ತಲೆ ತಿರುಗುವವರಿಗೆ ಹಣ್ಣು. ಮಕ್ಕಳ ಹೊಟ್ಟೆಹುಳಕ್ಕೆ ಬೇರನ್ನು ಕಲ್ಲಿನ ಮೇಲೆ ತೇಯ್ದು ಒಂದು ಒಳಲೆ. ಎಲೆಯ ಕಷಾಯ ವಿಷಮಜ್ವರಕ್ಕೆ. ದನಗಳ ಗಾಯದಲ್ಲಿ ಹುಳ ಬಿದ್ದರೆ ಬೇರನ್ನು ಅರೆದು ಮೆತ್ತುತ್ತಿದ್ದರು, ನೊಣ ಕೂರುತ್ತಿರಲಿಲ್ಲ. ಇದರಲ್ಲಿ ಎಷ್ಟು ನಿಜ ಎಷ್ಟು ನಂಬಿಕೆ ಎಂದು ನಾನು ಇಂದಿಗೂ ಹೇಳಲಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಊರಿಗೆ ತಲುಪಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ನಂಜತ್ತೆಗೆ ಅವಳ ಅತ್ತೆಯಿಂದ ಬೇಲಿಯ ಜೊತೆ ಮೂರು ಕಟ್ಟಳೆಗಳೂ ಬಂದಿದ್ದವು. ಔಷಧಿಗೆ ಎಂದು ಕೇಳಿದರೆ ಬೆಲೆ ಹೇಳಬಾರದು. ತೆಗೆದುಕೊಂಡು ಹೊರಡುವವರು "ಹೋಗಿಬರ್ತೀನಿ" ಅನ್ನಬಾರದು, ಅಂದರೆ ಕಾಯಿಲೆ ಮತ್ತೆ ಬರುತ್ತದೆ. ಮೂರನೆಯದು ನನಗೆ ಅರಗದೇ ಹೋದದ್ದು: ಯಾರಿಗೆ, ಏನಕ್ಕೆ ಎಂದು ಕೇಳಬಾರದು. ಜನ ಬಂದು ಜಗಲಿಯ ಕೆಳಗೆ ನಿಂತು "ಔಷಧಿಗೆ ಕವಳೆ ಬೇಕಿತ್ತು" ಎಂದರೆ ಸಾಕು, ಇವಳು ಒಳಗಿನಿಂದ ಭರಣಿ ತರುತ್ತಿದ್ದಳು. ಗಂಟಿಕ್ಕಿಕೊಂಡ ಹುಬ್ಬು, ಸೆರಗಿನಡಿಯ ಪಾತ್ರೆ, ಯಾವುದನ್ನೂ ನೋಡುತ್ತಿರಲಿಲ್ಲ.

"ಕೇಳಿದ್ರೆ ಏನಾಯ್ತದೆ ಅತ್ತೆ?" ಎಂದಿದ್ದೆ ಒಮ್ಮೆ, ಹೈಸ್ಕೂಲಿನ ದಿನಗಳಲ್ಲಿ.

"ಹೇಳೋ ಅಂಗಿದ್ರೆ ಅವ್ರೇ ಹೇಳ್ತಾರೆ ಕಣ್ಲಾ. ಹೇಳ್ದೆ ಇರೋರ್ನ ಕೇಳಿದ್ರೆ ಸುಳ್ಳು ಹೇಳ್ತಾರೆ. ಇನ್ನೊಬ್ರ ಕೈಲಿ ಸುಳ್ಳು ಹೇಳ್ಸಿದ ಪಾಪ ನಂಗ್ಯಾಕೆ ಬುಡು" ಎಂದಳು.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಮೇ ತಿಂಗಳ ಒಂದು ಭಾನುವಾರ ನಾನು ಅಲ್ಲಿದ್ದೆ. ಮಟಾಡೋರ್ ವ್ಯಾನ್ ಒಂದು ಧೂಳೆಬ್ಬಿಸಿಕೊಂಡು ಬಂದು ಹುಣಸೆಮರದ ಕೆಳಗೆ ನಿಂತಿತು. ಕನ್ನಡಕ ತಲೆಯ ಮೇಲೇರಿಸಿಕೊಂಡ ಒಬ್ಬಾತ ಇಳಿದು, ಜಗಲಿಯ ಕೆಳಗೆ ನಿಂತು, "ಅಮ್ಮಾ, ಔಷಧಿಗೆ ಕವಳೆಕಾಯಿ ಬೇಕಿತ್ತು" ಎಂದ. ಮಾತು ಸರಿಯಾಗಿಯೇ ಇತ್ತು. ಊರಿನ ಕಟ್ಟಳೆಯನ್ನು ಯಾರೋ ಹೇಳಿಕೊಟ್ಟು ಕಳಿಸಿದ್ದರು ಎಂದು ನನಗೆ ಆ ಕ್ಷಣವೇ ಅನಿಸಿತು.

"ಉಪ್ಪಿಂದು ಖಾಲಿ ಆಗೈತಪ್ಪ. ಹಸೀದು ಕಿತ್ಕ. ಮುಳ್ಳೈತೆ, ಹುಷಾರು" ಎಂದಳು ಅತ್ತೆ.

"ಒಸಿ ಜಾಸ್ತಿ ಬೇಕಿತ್ತಮ್ಮ."

"ಕಾಯ್ಲೆ ಜಾಸ್ತಿ ಇರ್ಬೇಕು, ಕಿತ್ಕ."

ಮಟಾಡೋರಿನ ಹಿಂಬಾಗಿಲು ತೆರೆದು ಮೂವರು ಇಳಿದರು, ಗೋಣಿಚೀಲಗಳೊಂದಿಗೆ. ಕೈಗೆ ಗವಸು ಬೇರೆ. ಮನೆಯಲ್ಲಿ ನರಳುವವರನ್ನು ಬಿಟ್ಟು ಬಂದವನು ಗವಸು ಹುಡುಕುತ್ತ ಕೂರುತ್ತಾನೆಯೇ? ಆತ ಮಾತ್ರ ಬದುವಿನ ಮೇಲೆ ಅಡ್ಡಾಡುತ್ತ ಸಿಳ್ಳೆ ಹಾಕುತ್ತಿದ್ದ. ನಾನು ಅವನ ಹಿಂದೆ ಮುಂದೆ ಸುಳಿದು, "ಯಾವ ಕಡೆಯಿಂದ?" ಎಂದೆ. "ಕುಣಿಗಲ್ ಸೈಡು" ಎಂದ. "ಯಾರಿಗೆ ಹುಷಾರಿಲ್ಲ?" ಎಂದೆ. ಆತ ಸಿಳ್ಳೆ ನಿಲ್ಲಿಸಿ ಅತ್ತೆಯ ಕಡೆ ನೋಡಿದ. ಅತ್ತೆ ಜಗಲಿಯಿಂದಲೇ, "ಏಯ್ ಲೋಕಿ, ಬಾ ಇಲ್ಲಿ" ಎಂದು ನನ್ನನ್ನು ಕೂಗಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಬೇಲಿ ಬೋಳಾಯಿತು.

"ಎಂಟು ಮೂಟೆ ಔಷಧಿ ಯಾರ್ಗೆ ಅತ್ತೆ, ಆನೆಗಾ?"

"ಆನೆಗೆ ಕಾಯ್ಲೆ ಬರಲ್ವೇನ್ಲಾ?" ಎಂದಳು ಅತ್ತೆ, ನಗದೆ.

ಆ ವರ್ಷ ಅವಳ ಭರಣಿಗೆ ಹಾಕಲು ಕಾಯಿ ಇರಲಿಲ್ಲ. ಗೌರಿಹಬ್ಬಕ್ಕೆ ಹೋದಾಗ ಅವಳೇ ಹೇಳಿದಳು: ಕೆಳಗಿನ ಕೇರಿಯ ಒಬ್ಬ ಹೆಂಗಸು ಬಂದಿದ್ದಳಂತೆ. ಅವಳ ಮಗುವಿಗೆ ಹದಿನೈದು ದಿನ ಜ್ವರ ಬಂದು ಬಿಟ್ಟು, ಗಂಜಿ ಕಂಡರೂ ಮುಖ ತಿರುಗಿಸುತ್ತಿತ್ತಂತೆ. ಕೇಳದಿದ್ದರೂ ಆಕೆಯೇ ಹೇಳಿಕೊಂಡು ಅತ್ತಳಂತೆ. ನಂಜತ್ತೆ ಭರಣಿಯನ್ನು ಬೋರಲು ಹಾಕಿ, ತಳದ ಉಪ್ಪುನೀರನ್ನು ಬಟ್ಟಲಿಗೆ ಬಸಿದು ಕೊಟ್ಟಳಂತೆ. "ಒಂದ್ ಕಾಯಿನಾದ್ರೂ ಇರ್ಬೇಕಿತ್ತು ಕಣೋ" ಎಂದು ಎರಡು ಸಲ ಅಂದಳು. ನಾನು ಮೂಟೆಯವನ ಮಾತೆತ್ತಿದೆ. "ಅವ್ನ್ ಮನೇಲೂ ಯಾರೋ ಮಲಗಿರ್ತಾರೆ ಬುಡು" ಎಂದು ಎದ್ದು ಒಳಗೆ ಹೋದಳು.

ನವೆಂಬರಿನಲ್ಲಿ ನನ್ನ ಮಗಳ ಐದನೆಯ ಹುಟ್ಟುಹಬ್ಬ. ಅತ್ತೆ ಬಟವಾಡಿಗೆ ಬಂದಳು, ಚೀಲದಲ್ಲಿ ತೆಂಗಿನಕಾಯಿ, ಅವರೆಕಾಳು, ಮಗಳಿಗೆ ಒಂದು ಲಂಗ. ನಮ್ಮ ಮನೆಗೆ ಕೇಕು ಬಂದದ್ದು ಅದೇ ಮೊದಲು. ಮಗಳು ಅದರ ಮೇಲಿನ ಕೆಂಪು ಹಣ್ಣನ್ನು ತನ್ನ ಕೈಯಾರೆ ಅಜ್ಜಿಯ ಬಾಯಿಗಿಟ್ಟಳು. ಅತ್ತೆ ಅದನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿದಳು. ಕಣ್ಣು ಮುಚ್ಚಿದಳು.

"ಇದು ಕವಳೆ ಅಲ್ವೇನ್ಲಾ?"

ಎಲ್ಲರೂ ನಕ್ಕರು. ಸುಜಾತ, "ಅಯ್ಯೋ ಅತ್ತೆ, ಅದು ಚೆರ್ರಿ. ಫಾರಿನ್ ಹಣ್ಣು" ಎಂದಳು.

"ಹಂಗಾ? ಸಕ್ರೆಯೆಲ್ಲ ಇಳಿದ್ಮೇಲೆ ಕೊನೆಗೊಂಚೂರು ಒಗ್ರು ಬಂತು, ಅದ್ಕೆ ಅಂದೆ. ಇರ್ಬೋದು ಬುಡಮ್ಮ" ಎಂದು ಅವಳು ಮರೆತೇಬಿಟ್ಟಳು. ನಾನು ಮರೆಯಲಿಲ್ಲ. ಎಂಟು ಮೂಟೆ, ಗವಸು, ಸಿಳ್ಳೆ, ಎಲ್ಲವೂ ಒಟ್ಟಿಗೆ ನೆನಪಾಗಿ ನನಗೆ ಮೈ ಬಿಸಿಯಾಯಿತು. ನಿಜ ಹೇಳುತ್ತೇನೆ, ಅದು ಕೋಪವಲ್ಲ, ಖುಷಿ. ಅನುಮಾನದವನಿಗೆ ತನ್ನ ಅನುಮಾನ ನಿಜವಾಗುವ ಸೂಚನೆ ಸಿಕ್ಕರೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ.

ಮಾರನೆಯ ದಿನ ಬೇಕರಿಯಿಂದ ಬರೀ ಚೆರ್ರಿಯನ್ನೇ ನೂರು ಗ್ರಾಂ ತಂದು ಸ್ಟೀಲ್ ಲೋಟದ ನೀರಿನಲ್ಲಿ ನೆನೆಹಾಕಿದೆ. ಮೂರು ದಿನ ನೀರು ಬದಲಿಸಿದೆ. ಕೆಂಪೆಲ್ಲ ಬಿಟ್ಟು, ನೀರಲ್ಲಿ ನೆನೆದ ಬೆರಳ ತುದಿಯಂತೆ ಬಿಳಿಚಿಕೊಂಡ ಕಾಯಿಗಳು ಉಳಿದವು. ಬ್ಲೇಡಿನಿಂದ ಸೀಳಿದರೆ ಒಳಗೆ ಬೀಜ ತೆಗೆದ ಎರಡು ಗೂಡು. ನಮ್ಮ ಅಡುಗೆಮನೆಯಲ್ಲಿ ಹಿಂದಿನ ವರ್ಷ ಅತ್ತೆ ಕೊಟ್ಟ ಉಪ್ಪಿನ ಕವಳೆ ನಾಲ್ಕು ಉಳಿದಿತ್ತು. ಪಕ್ಕಪಕ್ಕದಲ್ಲಿಟ್ಟು ವರ್ನಿಯರ್ ಹಿಡಿದು ಅಳೆದೆ. ಸುಜಾತ ಒಲೆಯ ಹತ್ತಿರದಿಂದ ನೋಡುತ್ತಿದ್ದವಳು, "ಆಫೀಸಿನ ಸಾಮಾನನ್ನ ಉಪ್ಪಿನಕಾಯಿಗೆ ಹಾಕ್ಬೇಡಿ, ತುಕ್ಕು ಹಿಡಿಯುತ್ತೆ" ಎಂದಳಷ್ಟೆ.

ಬೇಕರಿಯವನು ಪಾಪ ಏನೂ ಬಚ್ಚಿಡಲಿಲ್ಲ. ಮಾಲು ಕುಣಿಗಲ್ ಕಡೆಯಿಂದ ಬರುತ್ತದೆ ಎಂದು ಡಬ್ಬದ ಮೇಲಿನ ಚೀಟಿಯನ್ನೇ ತೋರಿಸಿದ. ಮುಂದಿನ ಭಾನುವಾರ ಮೊಪೆಡ್ ಹತ್ತಿ, ಹೆಬ್ಬೂರು ದಾಟಿ, ಕುಣಿಗಲ್ ಹೊರವಲಯದ ಒಂದು ಶೆಡ್ಡಿನ ಮುಂದೆ ಇಳಿದೆ. ಹತ್ತಾರು ಹೆಂಗಸರು ಚಾಪೆಯ ಮೇಲೆ ಕೂತು, ಉಪ್ಪುನೀರಿನಲ್ಲಿ ಇಟ್ಟಿದ್ದ ಕವಳೆಕಾಯಿಯ ಬೀಜವನ್ನು ಬಾಗಿಸಿದ ಕಂಬಿಯಿಂದ ಕೀಳುತ್ತಿದ್ದರು. ಆಚೆ ಡ್ರಮ್ಮುಗಳಲ್ಲಿ ಕೆಂಪು ಪಾಕ. ಮಟಾಡೋರ್ ಅಲ್ಲೇ ನೆರಳಿನಲ್ಲಿ ನಿಂತಿತ್ತು.

ಕನ್ನಡಕದವನು ಹೊರಗೆ ಬಂದ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಆದರೆ ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಡೈರಿ, ಕಂಕುಳಲ್ಲಿ ವರ್ನಿಯರಿನ ಪೆಟ್ಟಿಗೆ ನೋಡಿ, ನಾನು ಫುಡ್ ಇನ್ಸ್‌ಪೆಕ್ಟರ್ ಎಂದು ಅವನು ಅನುಮಾನಪಟ್ಟ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಅನುಮಾನದ ಫಲವನ್ನು ನಾನು ಉಂಡೆ. ಕುರ್ಚಿ ಬಂತು, ಕಾಫಿ ಬಂತು.

"ಕವಳೆಯನ್ನ ಎಲ್ಲಿಂದ ತರ್ತೀರಿ?" ಎಂದೆ ಗಂಭೀರವಾಗಿ.

"ಹಳ್ಳಿಗಳ ಕಡೆಯಿಂದ ಸಾರ್. ರೈತರು ಪ್ರೀತಿಯಿಂದ ಕೊಡ್ತಾರೆ."

"ಔಷಧಿಗೆ ಅಂತ ಹೇಳಿ ತರ್ತೀರಂತೆ?"

ಆತ ಹಲ್ಲು ಕಿರಿದ. "ಕವಳೆ ಅಂದ್ರೆ ಔಷಧಿನೇ ಅಲ್ವಾ ಸಾರ್? ಕೇಕಲ್ಲಿ ತಿಂದ್ರೆ ಔಷಧಿ ಅಲ್ಲ ಅಂತ ಎಲ್ಲೈತೆ?" ಎಂದ. ಹೊರಡುವಾಗ ಒಂದು ಕೇಜಿ ಪ್ಯಾಕೆಟ್ಟನ್ನು ಮೊಪೆಡ್ಡಿನ ಚೀಲಕ್ಕೆ ತಾನೇ ಹಾಕಿದ. ನಾನು ಬೇಡ ಎನ್ನಲಿಲ್ಲ. ಸಾಕ್ಷಿಗೆ ಬೇಕಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಮನೆಗೆ ಬಂದು ಹಾಗೆಂದೆ ಕೂಡ. ಸಂಜೆಯೊಳಗೆ ಮಗಳು ಅರ್ಧ ಸಾಕ್ಷಿಯನ್ನು ತಿಂದು ನಾಲಿಗೆ ಕೆಂಪು ಮಾಡಿಕೊಂಡಿದ್ದಳು.

ಅತ್ತೆಗೆ ಹೇಳಬೇಡಿ ಎಂದು ಸುಜಾತ ಅಂದಳು. "ಆದದ್ದು ಆಯ್ತು. ಅವರಿಗೆ ಹೇಳಿ ಏನು ಸಿಗುತ್ತೆ ನಿಮಗೆ? ಬೇಕಾದ್ರೆ ಬರೋ ವರ್ಷ ಆ ಮನುಷ್ಯ ಬಂದಾಗ ಬಸವರಾಜಣ್ಣನ ಕೈಲಿ ಓಡಿಸಿ." ಬಸವರಾಜ ಅತ್ತೆಯ ಮಗ. ಒಳ್ಳೆಯ ಬುದ್ಧಿಮಾತೇ. ಆದರೆ ಹೆಂಡತಿ ಒಳ್ಳೆಯ ಮಾತು ಹೇಳಿದರೆ ಅದರ ಹಿಂದೆ ಏನಿದೆ ಎಂದು ಯೋಚಿಸುವ ಜಾತಿ ನನ್ನದು. ಮರುವಾರವೇ ಗುಬ್ಬಿಯಲ್ಲಿ ಬಸ್ ಬದಲಿಸಿ ಚೇಳೂರಿಗೆ ಹೋದೆ.

ಅತ್ತೆ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ನಾನು ಪೇಪರ್ ಹಾಸಿ ಮೂರು ಕಾಯಿಗಳನ್ನು ಸಾಲಾಗಿ ಇಟ್ಟೆ: ಒಂದು ಕೆಂಪು, ಒಂದು ಬಿಳಿಚಿದ್ದು, ಒಂದು ಅವಳದೇ ಉಪ್ಪಿನದು. ಫ್ಯಾಕ್ಟರಿಯಲ್ಲಿ ಮ್ಯಾನೇಜರಿಗೆ ರಿಪೋರ್ಟ್ ಒಪ್ಪಿಸುವಂತೆ ಮೊದಲಿಂದ ಕೊನೆವರೆಗೆ ಹೇಳಿದೆ. ಅವಳು ಕೆಂಪು ಕಾಯಿಯನ್ನು ಎತ್ತಿ ಬಿಸಿಲಿಗೆ ಹಿಡಿದಳು.

"ಬಣ್ಣ ಚೆನ್ನಾಗಿ ಕೂರ್ಸವ್ರೆ" ಎಂದಳು.

"ಅತ್ತೆ, ಅವ್ನು ನಿಂಗೆ ಮೋಸ ಮಾಡಿದ."

"ಕೇಕಿಗೆ ಅಂದಿದ್ರೂ ನಾನು ಕೊಡ್ತಿದ್ನಲ್ಲೋ. ಬ್ಯಾಡ ಅಂತಿದ್ನಾ? ಔಷಧಿಗೆ ಅಂತ ಯಾಕಂದ?"

ಅವಳು ಮೊರ ಪಕ್ಕಕ್ಕಿಟ್ಟು ಬದುವಿನ ಕಡೆ ನೋಡುತ್ತ ಕೂತಳು. "ಆ ಮಗೀಗೆ ಉಪ್ಪುನೀರು ಕೊಟ್ಟು ಕಳಿಸ್ದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವನೊಬ್ನೇನಾ? ಇಷ್ಟು ವರ್ಷದಾಗೆ ಇನ್ನೆಷ್ಟು ಜನ ಹಿಂಗೇ ಅಂದಿರ್ತಾರೋ" ಎಂದಳು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಬೇಕಿತ್ತು. ಆದರೆ ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡು ಬೆಳೆಸಿದ ಪ್ರಶ್ನೆಗಳಿಗೆ ಕೊನೆಗೂ ಕೇಳುವವರು ಸಿಕ್ಕಿದ್ದರು. ವಾರಕ್ಕೊಮ್ಮೆ ಬರುವ ಮೇಷ್ಟರ ಮನೆಯವರಿಗೆ ಅದ್ಯಾವ ಪಿತ್ತ? ಅವರ ಮನೆಯಲ್ಲಿ ಊಟಕ್ಕೆ ಉಪ್ಪಿನಕಾಯಿ ಬೇಕು, ಅಷ್ಟೆ. ಹೋಟೆಲಿನವನಿಗೆ ಯಾರ ಹೊಟ್ಟೆಹುಳ? ಅವನು ಚಟ್ನಿಗೆ ಹಾಕುತ್ತಾನೆ. ಜನ ಬಾಯಿ ಬಿಟ್ಟರೆ ಸುಳ್ಳು ಅತ್ತೆ, ಕೇಳದಿದ್ದರೆ ಗೊತ್ತಾಗುವುದು ಹೇಗೆ? ಹೀಗೆ ಒಂದೊಂದಾಗಿ ಹೆಸರು ಹಿಡಿದು ಹೇಳುತ್ತ ಹೋದೆ. ಇವುಗಳಲ್ಲಿ ಒಂದಕ್ಕೂ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಗುಬ್ಬಿಯವರೆಗೂ ಸುಖವಾಗಿ ನಿದ್ದೆ ಮಾಡಿದೆ.

ಮುಂದಿನ ಬೇಸಿಗೆಯಲ್ಲಿ ಮಟಾಡೋರ್ ಬರಲಿಲ್ಲ. ನಾನು ರಜೆ ಹಾಕಿ ಕಾದದ್ದೇ ಬಂತು. ಬೇಲಿಯ ತುಂಬ ಕಾಯಿ, ಅತ್ತೆಯ ಎರಡು ಭರಣಿಯೂ ಭರ್ತಿ. ಅದೊಂದು ಬೆಳಿಗ್ಗೆ ಜಗಲಿಯ ಕೆಳಗೆ ಮೂವರು ನಿಂತಿದ್ದರು, ಊರಿನ ಇಬ್ಬರು ಹೆಂಗಸರು ಮತ್ತು ಹಿಂದಿನ ವರ್ಷ ಮದುವೆಯಾಗಿ ಬಂದ ಒಂದು ಹುಡುಗಿ. ಹುಡುಗಿ ಎಲ್ಲರಿಗಿಂತ ಹಿಂದೆ, ಸೆರಗಿನಡಿಯಲ್ಲಿ ಡಬ್ಬಿ ಹಿಡಿದು, ಬೇರೆಯವರು ಹೋಗಲಿ ಎಂದು ಕಾಯುತ್ತಿದ್ದಳು. ಅತ್ತೆ ಅವಳನ್ನೇ ಮೊದಲು ಕರೆದಳು.

"ಔಷಧಿಗೆ ಕವಳೆ ಬೇಕಿತ್ತಮ್ಮ" ಎಂದಳು ಹುಡುಗಿ, ನೆಲ ನೋಡುತ್ತ.

"ಯಾರ್ಗೆ?"

ಹುಡುಗಿ ತಲೆಯೆತ್ತಿದಳು. ಆ ಜಗಲಿಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. "ಸುಮ್ನೆ... ಮನೇಗೆ" ಎಂದಳು.

"ಮನೇಗೆ ಅಂದ್ರೆ? ನಿಮ್ಮತ್ತೆ ನೆನ್ನೆ ತಾನೆ ಗಟ್ಟಿಮುಟ್ಟಾಗಿ ಹೊಲ್ತಾವ ಇದ್ಲು. ನಿನ್ ಗಂಡ ಸೈಕಲ್ ಹೊಡ್ಕಂಡು ಹೋದ. ನಿಂಗಾ? ಔಷಧಿಗಾ, ಬಾಯ್ಚಪಲಕ್ಕಾ? ಎಷ್ಟು ತಿಂಗ್ಳು?"

ಉಳಿದಿಬ್ಬರು ಹೆಂಗಸರು ಒಟ್ಟಿಗೆ ತಿರುಗಿ ನೋಡಿದರು. ಅವರಲ್ಲೊಬ್ಬಳು ಆ ಹುಡುಗಿಯ ಗಂಡನಿಗೆ ದೊಡ್ಡಮ್ಮ. ಹುಡುಗಿಯ ಮುಖ ಕೆಂಪೇರಿತು. ಡಬ್ಬಿಯನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟು ಹೊರಟುಹೋದಳು. ಅವಳ ಗಂಡ ಕೆಲಸದಿಂದ ಬರುವ ಮೊದಲೇ ಊರಿಗೆಲ್ಲ ವಿಷಯ ಗೊತ್ತಾಗಿತ್ತು. ಅವನಿಗೆ ಹೇಳಿದ್ದು ಹೆಂಡತಿಯಲ್ಲ, ಅರಳೀಕಟ್ಟೆಯ ಮೇಲಿದ್ದವರು.

ಜಗಲಿ ಖಾಲಿಯಾದ ಮೇಲೆ, "ಹಂಗ್ ಕೇಳ್ಬಾರ್ದಿತ್ತು ಅತ್ತೆ" ಎಂದೆ ಮೆಲ್ಲಗೆ.

ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನೀನೇ ತಾನೆ ಅಂದಿದ್ದು, ಕೇಳ್ದಿದ್ರೆ ಗೊತ್ತಾಗೋದೆಂಗೆ ಅಂತ?" ಎಂದಳು. ಅವಳ ದನಿಯಲ್ಲಿ ಚುಚ್ಚುಮಾತಿನ ಸುಳಿವೇ ಇರಲಿಲ್ಲ. ಒಳ್ಳೆಯ ವಿದ್ಯಾರ್ಥಿ ಮೇಷ್ಟರ ಮುಂದೆ ಪಾಠ ಒಪ್ಪಿಸುವ ಹಾಗೆ ಹೇಳಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ಡಬ್ಬಿಯನ್ನು ತುಂಬಿಸಿಕೊಂಡು ಹುಡುಗಿಯ ಮನೆಗೆ ಕೊಟ್ಟುಬರೋಣ ಎಂದುಕೊಂಡೆ. ಗಂಡಸು ನಾನು ಹೋಗಿ ಕೊಟ್ಟರೆ ಊರು ಇನ್ನೇನು ಹೇಳುತ್ತದೋ ಎಂದು ಅದನ್ನೂ ಬಿಟ್ಟೆ.

ಆಮೇಲೆ ಜನ ಬರುವುದು ಕಡಿಮೆಯಾಯಿತು. ಬಂದವರನ್ನೂ ಅವಳು ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದಳು. ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದಳಂತೆ, ನಾಲಿಗೆ ತೋರಿಸು ಎನ್ನುತ್ತಿದ್ದಳಂತೆ. ಮೇಷ್ಟರ ಮನೆಯವರು ಮಾತು ಬಿಟ್ಟರು. ಅವರಿಗೆ ಬಹಳ ವರ್ಷದಿಂದ ಅರೆತಲೆನೋವು ಇತ್ತು ಎಂದು ಮುಂದೊಂದು ದಿನ ಬಸವರಾಜ ಹೇಳಿದ. "ನಮ್ಮವ್ವಂಗೆ ಏನೋ ಆಗೈತೆ ಕಣ್ ಭಾವ. ಯಾರೇ ಬಂದ್ರೂ ಕಳ್ಳರನ್ನ ನೋಡ್ದಂಗೆ ನೋಡ್ತಾಳೆ. ರಾತ್ರಿ ಭರಣಿನ ಮಂಚದಡಿ ಇಕ್ಕಂಡು ಮಲಗ್ತಾಳೆ" ಎಂದ. ಏನಾಗಿದೆ ಎಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಬೇಲಿಯ ಹಣ್ಣು ಕಳಿತು ಉದುರಿ ಬದುವಿನ ಮಣ್ಣು ನೇರಳೆಯಾಗುತ್ತಿತ್ತು, ಹಕ್ಕಿಗಳನ್ನು ಬಿಟ್ಟು ಹತ್ತಿರ ಹೋಗುವವರಿರಲಿಲ್ಲ.

ಎರಡು ಸಾವಿರದ ಮೊದಲ ವರ್ಷಗಳಲ್ಲಿ ನನಗೆ ಟೈಫಾಯ್ಡ್ ಬಂತು. ಬಟವಾಡಿಯ ಕ್ಲಿನಿಕ್ಕಿನಲ್ಲಿ ಮಾತ್ರೆ, ಇಂಜೆಕ್ಷನ್, ಗ್ಲೂಕೋಸು ಎಲ್ಲ ಆಗಿ ಜ್ವರ ಇಳಿಯಿತು. ಆದರೆ ಬಾಯಿ ಸತ್ತುಹೋಗಿತ್ತು. ನೀರೂ ಕಹಿ. ಸುಜಾತ ಮಾಡಿದ ತಿಳಿಸಾರನ್ನು, ಇದಕ್ಕೆ ಏನು ಬೆರೆಸಿದ್ದೀಯ ಎಂದು ಕೇಳಿ ಅವಳ ಕಣ್ಣಲ್ಲಿ ನೀರು ತರಿಸಿದೆ. ಹತ್ತು ಹದಿನೈದು ದಿನ ಹೀಗೇ ಕಳೆದು, ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾದಾಗ, ಇದ್ದಕ್ಕಿದ್ದಂತೆ ಉಪ್ಪಿನ ಕವಳೆಯ ನೆನಪಾಯಿತು. ನೆನಪಾದದ್ದೇ ದವಡೆಯ ಬುಡದಲ್ಲಿ ನೀರೂರಿತು. ಅಷ್ಟು ದಿನಗಳಲ್ಲಿ ಮೊದಲ ಸಲ.

ನಾನೇ ಬಸ್ಸು ಹತ್ತಿದೆ. ಚೇಳೂರಿನಲ್ಲಿ ಇಳಿದು, ಸಿಕ್ಕ ಗಾಡಿ ಹಿಡಿದು, ಗೋಡೆ ಹಿಡಿದುಕೊಂಡು ಅತ್ತೆಯ ಜಗಲಿಯ ಕೆಳಗೆ ಹೋಗಿ ನಿಂತೆ. ಒಳಗೆ ಹೋಗಬಹುದಿತ್ತು, ಮನೆಯ ಮಗನೇ ನಾನು. ಆದರೆ ಔಷಧಿ ಕೇಳುವವರು ನಿಲ್ಲುವ ಜಾಗ ಅದು.

"ಅತ್ತೆ, ಔಷಧಿಗೆ ಕವಳೆ ಬೇಕಿತ್ತು."

ಅವಳು ಕಂಬಕ್ಕೆ ಒರಗಿ ಕೂತಿದ್ದಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಯಾರ್ಗೆ?"

"ನಂಗೇ ಅತ್ತೆ. ಟೈಫಾಯ್ಡ್ ಆಗಿತ್ತು. ಏನೂ ಸೇರ್ತಿಲ್ಲ."

"ಡಾಕ್ಟ್ರು ಚೀಟಿ ಐತಾ?"

ತಮಾಷೆಯೆಂದು ನಕ್ಕೆ. ಅವಳು ನಗಲಿಲ್ಲ. ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ನನ್ನ ಅತ್ತೆಗೆ ಓದಲು ಬರುವುದಿಲ್ಲ. ಅವಳು ಆ ಚೀಟಿಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ಹಿಂದಿನ ಬದಿಯನ್ನೂ ನೋಡಿ, ಡಾಕ್ಟರ ಸೀಲಿನ ಮೇಲೆ ಹೆಬ್ಬೆರಳು ಉಜ್ಜಿ ಬಣ್ಣ ಬಿಡುತ್ತದೆಯೋ ಎಂದು ಪರೀಕ್ಷಿಸಿದಳು. ನಾನು ಚೆರ್ರಿಗೆ ಮಾಡಿದ್ದೂ ಅದನ್ನೇ.

"ಅತ್ತೆ, ನಾನು ಲೋಕಿ" ಎಂದೆ.

"ಗೊತ್ತು" ಎಂದಳು.

ಒಳಗೆ ಹೋದಳು. ಮಂಚದಡಿಯಿಂದ ಭರಣಿ ಎಳೆಯುವ ಸದ್ದು ಕೇಳಿಸಿತು. ನಾಲ್ಕು ಕವಳೆಕಾಯಿಯನ್ನು ಅಂಗೈಯಲ್ಲಿ ತಂದಳು. ನಾನು ಕರ್ಚೀಫು ಬಿಚ್ಚಿ ಒಡ್ಡಿದೆ, ಕಟ್ಟಿಕೊಂಡು ಹೋಗಲೆಂದು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇಲ್ಲೇ ತಿನ್ನು. ನನ್ ಎದ್ರಿಗೆ."

ತಿಂದೆ. ಹುಳಿಗೆ ಕಣ್ಣು ಮುಚ್ಚಿಕೊಂಡವು, ಆ ನೆಪದಲ್ಲಿ ಒಂದಿಷ್ಟು ಕಣ್ಣೀರೂ ಹಾಕಿದೆ. ಒಂದಾದ ಮೇಲೆ ಒಂದರಂತೆ ನಾಲ್ಕನ್ನೂ ಅಗಿದು ನುಂಗುವವರೆಗೆ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ನಾನು ಬಾಯಿ ಒರೆಸಿಕೊಂಡೆ. ಅವಳು ಇನ್ನೂ ನೋಡುತ್ತಿದ್ದಳು.

"ಬಾಯಿ ತೆಗಿ" ಎಂದಳು.

ಬಾಯಿ ತೆರೆದು ತೋರಿಸಿದೆ.